ಸ್ಪೇನ್ ನಗರ ಸುತ್ತಾಟ: ಮ್ಯಾಡ್ರಿಡ್, ಸೆವಿಲ್ಯಾ, ಗ್ರನಾಡಾ, ಬಾರ್ಸಿಲೋನಾ – ರೈಲು, ಟಿಕೆಟ್, ಬಿಸಿಲು, ಸಸ್ಯಾಹಾರ

ಕಾಡುಮಲ್ಲಿಗೆ:
ಮೇ ಕೊನೆಯಲ್ಲಿ ಹೊರಟು ಜೂನ್ ಮೊದಲ ವಾರ ವಾಪಸ್. ನಾಲ್ಕು ಜನ, ಅದರಲ್ಲಿ ಇಬ್ಬರು ಅರವತ್ತೈದು ದಾಟಿದವರು. ಮಾಂಸ, ಮೀನು ಇಲ್ಲ, ಮೊಟ್ಟೆ ನಡೆಯುತ್ತದೆ. ಸದ್ಯದ ಪಟ್ಟಿ: ಮ್ಯಾಡ್ರಿಡ್ 2 ರಾತ್ರಿ, ವಲೆನ್ಸಿಯಾ 1, ಗ್ರನಾಡಾ 1, ಸೆವಿಲ್ಯಾ 2, ಕೊರ್ದೊಬಾ 1, ಬಾರ್ಸಿಲೋನಾ 3. ಬರುವ, ಹೋಗುವ ವಿಮಾನ ಎರಡೂ ಮ್ಯಾಡ್ರಿಡ್‌ನಿಂದ. ಇದರಲ್ಲಿ ಎಲ್ಲಿ ಎಡವಟ್ಟಿದೆ, ಯಾವುದನ್ನು ಮೊದಲು ಬುಕ್ ಮಾಡಬೇಕು?

ನಕ್ಷೆಗಾರ:
ಊರುಗಳ ಆಯ್ಕೆ ಸರಿ, ಜೋಡಣೆ ಸರಿಯಿಲ್ಲ.

ವಲೆನ್ಸಿಯಾ ಮತ್ತು ಗ್ರನಾಡಾ ನಕ್ಷೆಯಲ್ಲಿ ಹತ್ತಿರ ಕಾಣುತ್ತವೆ. ಆದರೆ ನಡುವೆ ನೆಟ್ಟಗಿನ ವೇಗದ ರೈಲಿಲ್ಲ. ಬಸ್ಸಿನಲ್ಲಿ ಹೋದರೆ ಹಗಲು ಪೂರ್ತಿ ಅದಕ್ಕೇ. ಸ್ಪೇನಿನ ವೇಗದ ರೈಲು ಜಾಲ ಬಂಡಿಗಾಲಿಯ ಹಾಗೆ: ಮ್ಯಾಡ್ರಿಡ್ ನಡುಗುಂಬ, ಬೇರೆ ಊರುಗಳಿಗೆ ಅಲ್ಲಿಂದ ಅರೆಗಳು. ಅರೆಯ ಮೇಲೆ ಓಡಾಡಿದರೆ ಸಲೀಸು, ಅರೆಯಿಂದ ಅರೆಗೆ ಹಾರಲು ಹೋದರೆ ಕಷ್ಟ.

ಹತ್ತು ರಾತ್ರಿಗೆ ಆರು ಹೋಟೆಲ್ ಅನ್ನುವುದು ಇನ್ನೊಂದು ಸಮಸ್ಯೆ. ಬೆಳಿಗ್ಗೆ 11–12ಕ್ಕೆ ಕೋಣೆ ಬಿಡಬೇಕು, ಹೊಸ ಊರಿನಲ್ಲಿ ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ 3ರ ಮೇಲೆ. ಹಿರಿಯರ ಜತೆ ಪೆಟ್ಟಿಗೆ ಎಳೆದುಕೊಂಡು ಅಷ್ಟು ಸಲ ಇದನ್ನು ಮಾಡುವುದು ಬೇಡ.

ಇನ್ನು ವಿಮಾನ. ಮ್ಯಾಡ್ರಿಡ್‌ಗೆ ಇಳಿದು ಬಾರ್ಸಿಲೋನಾದಿಂದ ಹತ್ತುವ ಟಿಕೆಟ್ ತೆಗೆಯಿರಿ. ಬೆಲೆಯಲ್ಲಿ ಬಹಳ ಸಲ ದೊಡ್ಡ ವ್ಯತ್ಯಾಸ ಇರುವುದಿಲ್ಲ, ಹಿಂದಿರುಗುವ 621 ಕಿ.ಮೀ. ರೈಲು ಪ್ರಯಾಣ ಉಳಿಯುತ್ತದೆ.

ನನ್ನ ಸಲಹೆ: ಮ್ಯಾಡ್ರಿಡ್ 3 (ಒಂದು ಹಗಲು ಹತ್ತಿರದ ಟೊಲೆಡೊ ಊರು), ಸೆವಿಲ್ಯಾ 3 (ಹೋಗುವ ದಾರಿಯಲ್ಲಿ ಕೊರ್ದೊಬಾದಲ್ಲಿ ನಾಲ್ಕೈದು ಗಂಟೆ), ಗ್ರನಾಡಾ 2, ಬಾರ್ಸಿಲೋನಾ 3. ಒಟ್ಟು 11 ರಾತ್ರಿ, ನಿಮ್ಮ ಪಟ್ಟಿಗಿಂತ ಒಂದು ಹೆಚ್ಚು. ಗ್ರನಾಡಾದಿಂದ ಬಾರ್ಸಿಲೋನಾಕ್ಕೆ ರೈಲಿನಲ್ಲಿ ಆರು ಗಂಟೆಗೂ ಹೆಚ್ಚು, ವಿಮಾನದಲ್ಲಿ ಒಂದೂವರೆ ಗಂಟೆ. ವಲೆನ್ಸಿಯಾ ಈ ಸಲ ಕೈಬಿಡಿ. ಅದು ಒಂದು ರಾತ್ರಿಯ ಊರಲ್ಲ.

ಬುಕಿಂಗ್ ಶುರುವಾಗಬೇಕಾದದ್ದು ಹೋಟೆಲಿನಿಂದಲ್ಲ, ಗ್ರನಾಡಾದ ಕೋಟೆ-ಅರಮನೆ ಅಲ್‌ಹಂಬ್ರಾದ ಟಿಕೆಟ್ಟಿನಿಂದ. ಆ ದಿನ ಗಟ್ಟಿಯಾದರೆ ಉಳಿದದ್ದು ಅದರ ಸುತ್ತ ಕೂರುತ್ತದೆ.

ಕರಾವಳಿಗಾಳಿ:
ಕೊರ್ದೊಬಾವನ್ನು ದಾರಿಬದಿಯ ನಿಲುಗಡೆ ಮಾಡುವುದಕ್ಕೆ ನನ್ನ ವಿರೋಧವಿದೆ. ಅಲ್ಲಿನ ಮೆಸ್ಕಿತಾ ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 8:30ರಿಂದ 9:30ರ ತನಕ ಉಚಿತ. ಹಣದ ಮಾತು ಪಕ್ಕಕ್ಕಿಡಿ, ಆ ಹೊತ್ತಿನಲ್ಲಿ ಗುಂಪು ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ; 850ಕ್ಕೂ ಹೆಚ್ಚು ಕಂಬಗಳ ಆ ಕಾಡು ಖಾಲಿ ಇರುತ್ತದೆ. ಎಂಟನೇ ಶತಮಾನದಲ್ಲಿ ಒಂದನೇ ಅಬ್ದುಲ್ ರಹಮಾನ್ ಕಟ್ಟಿಸಲು ಶುರುಮಾಡಿದ ಮಸೀದಿ, ಅದರ ನಡುಮಧ್ಯೆ ಹದಿನಾರನೇ ಶತಮಾನದಲ್ಲಿ ಎದ್ದ ಚರ್ಚು. ಈ ಎರಡರ ಹೊಲಿಗೆ ಎಲ್ಲಿ ಕೂಡುತ್ತದೆ ಅಂತ ನೋಡಲು ಜನ ಕಡಿಮೆ ಇರಬೇಕು. ಮಧ್ಯಾಹ್ನ 12ಕ್ಕೆ ಹೋದರೆ ಕಾಣುವುದು ಮುಂದಿನವರ ಮೊಬೈಲ್ ಮಾತ್ರ.

ನಕ್ಷೆಗಾರ:
ಮಾತು ಒಪ್ಪಿದೆ, ಆದರೆ ಅದಕ್ಕೆ ಒಂದು ರಾತ್ರಿ ಬೇಕು. ಹಾಗಾದರೆ ಸೆವಿಲ್ಯಾ 2, ಕೊರ್ದೊಬಾ 1 ಮಾಡಿಕೊಳ್ಳಬಹುದು. ಹಿರಿಯರು ಹೋಟೆಲ್ ಬದಲಿಸಲು ಒಲ್ಲೆ ಅಂದರೆ ಸೆವಿಲ್ಯಾದಿಂದ ಬೆಳಗಿನ ಮೊದಲ ರೈಲುಗಳಲ್ಲಿ ಒಂದನ್ನು ಹಿಡಿಯಿರಿ. ಮುಕ್ಕಾಲು ಗಂಟೆಯ ದಾರಿ. ಕೊರ್ದೊಬಾ ನಿಲ್ದಾಣದಿಂದ ಮೆಸ್ಕಿತಾಕ್ಕೆ ನಡಿಗೆ ಸುಮಾರು 25 ನಿಮಿಷ, ಟ್ಯಾಕ್ಸಿಯಾದರೆ ಹತ್ತು. ಮನೆಯಂಗಳಗಳನ್ನು ಜನರಿಗೆ ತೆರೆದಿಡುವ ಅಲ್ಲಿನ ಅಂಗಳಗಳ ಹಬ್ಬ ಮೇ ಮೊದಲ ಎರಡು ವಾರದ ಸುಮಾರಿಗೆ ಮುಗಿದಿರುತ್ತದೆ. ಅಂಗಳ ನೋಡುವ ಆಸೆಯಿದ್ದರೆ ಪಲಾಸಿಯೊ ದೆ ವಿಯಾನಾಕ್ಕೆ ಹೋಗಿ, ಒಂದೇ ಮನೆಯಲ್ಲಿ 12 ಅಂಗಳ.

ರೈಲುಹಳಿ:
ರೈಲಿನ ವಿಷಯ ಬಿಡಿಸಿ ಹೇಳುತ್ತೇನೆ, ಇಲ್ಲಿ ಗೊಂದಲ ಜಾಸ್ತಿ.

ವೇಗದ ಹಳಿಯ ಮೇಲೆ ಈಗ ಮೂರು ಸಂಸ್ಥೆಗಳು: ಸರ್ಕಾರಿ ರೆನ್ಫೆ (ಆವೆ ಮತ್ತು ಅದರ ಅಗ್ಗದ ತಮ್ಮ ಆವ್ಲೊ), 2021ರಲ್ಲಿ ಬಂದ ವಿಗೊ, 2022ರಲ್ಲಿ ಬಂದ ಇರಿಯೊ. ಮ್ಯಾಡ್ರಿಡ್‌ನಿಂದ ಬಾರ್ಸಿಲೋನಾ ಮತ್ತು ಸೆವಿಲ್ಯಾ ಎರಡಕ್ಕೂ ಸುಮಾರು ಎರಡೂವರೆ ಗಂಟೆ, ಕೊರ್ದೊಬಾಕ್ಕೆ ಒಂದು ಮುಕ್ಕಾಲು ಗಂಟೆ. ಪೈಪೋಟಿ ಇರುವ ಮಾರ್ಗದಲ್ಲಿ ಬೆಲೆ ದಿನದಿನಕ್ಕೆ ಏರಿಳಿಯುತ್ತದೆ. ಟಿಕೆಟ್ ಮಾರಾಟ ಕೆಲವೊಮ್ಮೆ ತಿಂಗಳುಗಟ್ಟಲೆ ಮೊದಲು ತೆರೆಯುತ್ತದೆ, ಕೆಲವೊಮ್ಮೆ ಕೆಲವೇ ವಾರ ಮೊದಲು. ಇನ್ನೂ ತೆರೆದಿಲ್ಲ ಅಂದರೆ ರೈಲೇ ಇಲ್ಲ ಅಂತಲ್ಲ.

ವಿಗೊ ಬೆಲೆ ನೋಡಿ ಮರುಳಾಗುವ ಮುಂಚೆ ಪೆಟ್ಟಿಗೆ ಲೆಕ್ಕ ಹಾಕಿ. ಮೂಲ ಟಿಕೆಟ್ಟಿನಲ್ಲಿ ಒಂದು ಕ್ಯಾಬಿನ್ ಪೆಟ್ಟಿಗೆ, ಒಂದು ಕೈಚೀಲ ಅಷ್ಟೇ. ಭಾರತದಿಂದ ಬರುವ 23 ಕೆಜಿ ಪೆಟ್ಟಿಗೆಗೆ ಬೇರೆ ದುಡ್ಡು. ರೆನ್ಫೆ ಆವೆಯಲ್ಲಿ ತಲೆಗೆ ಮೂರು ಚೀಲದವರೆಗೆ, ಒಟ್ಟು 25 ಕೆಜಿ ಉಚಿತ. ನಾಲ್ಕು ಪೆಟ್ಟಿಗೆಯ ಶುಲ್ಕ ಸೇರಿಸಿದ ಮೇಲೆ ಬಹಳ ಸಲ ಆವೆಯೇ ಅಗ್ಗ.

ಆವೆ ಟಿಕೆಟ್ಟಿನ ಇನ್ನೊಂದು ಲಾಭ ಹೆಚ್ಚಿನವರಿಗೆ ಕಣ್ಣಿಗೇ ಬೀಳುವುದಿಲ್ಲ. ಟಿಕೆಟ್ ಮೇಲೆ 'ಕೊಂಬಿನಾದೊ ಸೆರ್ಕಾನಿಯಾಸ್' ಅಂತ ಒಂದು ಸಂಕೇತ ಇರುತ್ತದೆ. ಅದನ್ನು ನಿಲ್ದಾಣದ ಯಂತ್ರದಲ್ಲಿ ಒತ್ತಿದರೆ ಲೋಕಲ್ ರೈಲಿನ ಟಿಕೆಟ್ ಉಚಿತ. ಆವೆ ಹೊರಡುವ 4 ಗಂಟೆ ಮೊದಲು, ತಲುಪಿದ 4 ಗಂಟೆ ನಂತರದವರೆಗೆ ನಡೆಯುತ್ತದೆ. ಮ್ಯಾಡ್ರಿಡ್ ವಿಮಾನ ನಿಲ್ದಾಣದ ಟಿ4 ಟರ್ಮಿನಲ್‌ನಿಂದ ಅತೋಚಾ ರೈಲು ನಿಲ್ದಾಣಕ್ಕೆ, ಬಾರ್ಸಿಲೋನಾದ ಸಾಂಟ್ಸ್ ರೈಲು ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಇದು ಸಾಕು.

ಹಿರಿಯರಿಗೆ 'ತಾರ್ಹೇತಾ ದೊರಾದಾ' ಮಾಡಿಸಿ. 60 ತುಂಬಿದ ಯಾರಿಗಾದರೂ ರೆನ್ಫೆ ಕೊಡುವ ರಿಯಾಯಿತಿ ಕಾರ್ಡ್, ವರ್ಷಕ್ಕೆ 6 ಯೂರೋ. ಎರಡು ದೂರದ ಪ್ರಯಾಣವಿದ್ದರೆ ಹಾಕಿದ ದುಡ್ಡು ವಾಪಸ್.

ಎಡವುವ ಜಾಗಗಳು: ಮ್ಯಾಡ್ರಿಡ್‌ನಲ್ಲಿ ದೂರದ ರೈಲಿಗೆ ಎರಡು ನಿಲ್ದಾಣ, ಅತೋಚಾ ಮತ್ತು ಚಮಾರ್ತಿನ್. ಎರಡರ ನಡುವೆ ಇಡೀ ನಗರವಿದೆ. 'ಮ್ಯಾಡ್ರಿಡ್' ಅಂತಷ್ಟೇ ಓದಿ ಹೊರಟರೆ ರೈಲು ತಪ್ಪುತ್ತದೆ. ವೇಗದ ರೈಲಿಗೆ ಹತ್ತುವ ಮುಂಚೆ ಸಾಮಾನು ಎಕ್ಸ್‌ರೇ ಆಗಬೇಕು, ಹೊರಡುವ ಕೆಲವು ನಿಮಿಷ ಮೊದಲೇ ಗೇಟು ಮುಚ್ಚುತ್ತದೆ. ನಮ್ಮಲ್ಲಿಯ ಹಾಗೆ ಓಡಿ ಹತ್ತುವ ಪ್ರಶ್ನೆಯಿಲ್ಲ. ಅರ್ಧ ಗಂಟೆ ಮೊದಲು ಅಲ್ಲಿರಿ. ಯಾವ ಪ್ಲಾಟ್‌ಫಾರ್ಮ್ ಅಂತ ಫಲಕದಲ್ಲಿ ತೋರಿಸುವುದು ಕೊನೆಯ ಹೊತ್ತಿಗೆ, ಗಾಬರಿ ಬೇಡ.

ಸೆವಿಲ್ಯಾ–ಗ್ರನಾಡಾ: ನೇರ ರೈಲು ಎರಡೂವರೆ ಗಂಟೆ ಚಿಲ್ಲರೆ, ಬಸ್ ಮೂರು ಗಂಟೆ. ದಿನಕ್ಕೆ ರೈಲು ಕೆಲವೇ, ಬಸ್ ಬೇಕಾದಷ್ಟು. ಆದರೆ ಗ್ರನಾಡಾದ ಬಸ್ ನಿಲ್ದಾಣ ಊರ ಹೊರಗೆ, ನಡುಪೇಟೆಗೆ ಇನ್ನೊಂದು ಸಿಟಿ ಬಸ್ ಅಥವಾ ಟ್ಯಾಕ್ಸಿ ಬೇಕು.

ಕಾಡುಮಲ್ಲಿಗೆ:
ವೀಸಾ ಸಿಗುವ ಮುಂಚೆ ಇದನ್ನೆಲ್ಲ ಹಣ ಕೊಟ್ಟು ತೆಗೆಯುವುದು ಹೇಗೆ? ವೀಸಾ ಸಿಗದಿದ್ದರೆ?

ಧಾರವಾಡಪೇಡೆ:
ಅವಸರ ಬ್ಯಾಡ್ರಿ, ಒಂದೊಂದ ಹೇಳ್ತೀನಿ.

ಅರ್ಜಿ ಹೊರಡೂ ದಿನಕ್ಕಿಂತ 6 ತಿಂಗಳ ಮೊದಲಿಂದ ಹಾಕಬಹುದು, 15 ದಿನಕ್ಕಿಂತ ತಡಾ ಮಾಡೂ ಹಂಗಿಲ್ಲ. ಬ್ಯಾಸಗಿಗೆ ಹೋಗೋರು ಎರಡ-ಮೂರು ತಿಂಗಳ ಮೊದಲ ಸ್ಲಾಟ್ ಹಿಡೀರಿ, ಏಪ್ರಿಲ್ ಬಂತಂದ್ರ ಸ್ಲಾಟ್ ಸಿಗೂದ ಕಷ್ಟ. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದ ಹುಡುಗರಿಗೆ 45, ಸೇವಾ ಶುಲ್ಕ ಬ್ಯಾರೆ. ಸ್ಪೇನಿನ ಅರ್ಜಿ ತಗೊಳ್ಳೂದು ಬಿಎಲ್‌ಎಸ್ ಅನ್ನೂ ಕಂಪನಿ, ಬೆಂಗಳೂರಾಗ ಕೇಂದ್ರ ಅದ.

ಕಾಗದದಾಗ ಸಿಕ್ಕಿ ಬೀಳೂವು ಇಷ್ಟ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು ಇರಬೇಕು, ಹೋಗೂ ದಿನ ಬರೂ ದಿನ ಎರಡೂ ಅದರಾಗ ಬರಬೇಕು. ಹೋಟೆಲ್ ಬುಕಿಂಗ್ ಎಲ್ಲಾ ರಾತ್ರಿಗೂ ಬೇಕು, ನಡುವ ಒಂದು ರಾತ್ರಿ ಖಾಲಿ ಇದ್ರ ಕೇಳ್ತಾರ. ಬುಕಿಂಗ್ ಒಬ್ಬರ ಹೆಸರಿನಾಗ ಇದ್ದು ಉಳಿದ ಮೂರು ಹೆಸರು ಇಲ್ಲಂದ್ರ ತೊಂದರಿ. ಹೋಟೆಲಿಗೆ ಬರದು ನಾಲ್ಕೂ ಹೆಸರು ಹಾಕಿಸ್ಕೊಳ್ರಿ. ರೊಕ್ಕದ ಲೆಕ್ಕ ಸ್ಪೇನಿನ ಕನಿಷ್ಠ ವೇತನದ ಮ್ಯಾಲೆ: ತಲಿಗೆ ದಿನಕ್ಕ ತಿಂಗಳ ವೇತನದ ಶೇ 10, ಒಟ್ಟು ಶೇ 90ಕ್ಕಿಂತ ಕಡಿಮಿ ಇರಬಾರದು. 2025ರಾಗ ಆ ವೇತನ 1,184 ಯೂರೋ ಇತ್ತು, ಅಂದ್ರ ದಿನಕ್ಕ 118ರ ಸುಮಾರು. ಅರ್ಜಿಗೆ ವಾರ ಮೊದಲ ಖಾತೆಗೆ ದೊಡ್ಡ ಮೊತ್ತ ತುಂಬಿದ್ರ ಅನುಮಾನ ಬರೂದ ಖರೇ. ಆರು ತಿಂಗಳ ವಹಿವಾಟು ಸಹಜ ಕಾಣಬೇಕು.

ಪೋರ್ಚುಗಲ್ ಒಂದೆರಡು ದಿನ ಸೇರಿಸಿದ್ರೂ ಹೆಚ್ಚು ರಾತ್ರಿ ಸ್ಪೇನಿನಾಗ ಇದ್ರ ಅರ್ಜಿ ಸ್ಪೇನಿಗೇ. ಐದು ವರ್ಷದೊಳಗ ಶೆಂಗೆನ್‌ಗೆ (ಒಂದs ವೀಸಾ ನಡಿಯೂ ಯುರೋಪಿನ ದೇಶಗಳು) ಬೆರಳಚ್ಚು ಕೊಟ್ಟಿದ್ರ ಸಾಮಾನ್ಯವಾಗಿ ಮತ್ತ ಕೊಡೂದು ಬರೂದಿಲ್ಲ, 59 ತಿಂಗಳ ಮಟ ನಡೀತದ.

ಇನ್ನ ನಿಮ್ಮ ಪ್ರಶ್ನಿ. ಹೋಟೆಲ್ ಉಚಿತ ರದ್ದತಿದ್ದ ತಗೋರಿ. ರೈಲು ವೀಸಾ ಬಂದ ಮ್ಯಾಲೆ. ಅಷ್ಟರೊಳಗ ಬೇಕಂದ್ರ ರೆನ್ಫೆಯ ಅಗ್ಗದ 'ಬಾಸಿಕೊ' ಟಿಕೆಟ್ ಬಿಟ್ಟು ಒಂದು ಮೆಟ್ಟಲ ಮ್ಯಾಲಿನ 'ಎಲಿಹೆ' ತಗೋರಿ, ರದ್ದಾದ್ರ ಸ್ವಲ್ಪ ಕಡದು ಉಳಿದಿದ್ದು ಕೊಡ್ತಾರ. ಅಲ್‌ಹಂಬ್ರಾ ಒಂದs ಧೈರ್ಯ ಮಾಡಿ ಮೊದಲ ತಗೊಳ್ಳೂದು.

ಇನ್ನೊಂದು: 2025ರ ಅಕ್ಟೋಬರ್ 12ರಿಂದ ಗಡಿಯಾಗ ಮುದ್ರಿ ಒತ್ತೂದು ಬಿಟ್ಟು ಮುಖದ ಚಿತ್ರ, ಬೆರಳಚ್ಚು ದಾಖಲೆ ಮಾಡೂ ಪದ್ಧತಿ ಶುರು ಆಗೇದ. ಮೊದಲ ಸಲ ಹೋಗೋರಿಗೆ ಹೊತ್ತು ಹಿಡೀತದ. ಫ್ರಾಂಕ್‌ಫರ್ಟ್ ಇಲ್ಲಾ ಪ್ಯಾರಿಸ್ ಮ್ಯಾಲೆ ಹೋದ್ರ ಈ ಸಾಲು ಅಲ್ಲೇ ನಿಲ್ಲಬೇಕು. ಒಂದೂವರಿ ತಾಸಿನ ಬದಲಿ ವಿಮಾನ ತಗೋಬ್ಯಾಡ್ರಿ. ದುಬೈ, ದೋಹಾ ಮ್ಯಾಲೆ ಹೋದ್ರ ಸ್ಪೇನಿನಾಗ ಇಳದ ಮ್ಯಾಲೇ ಆಗೂದು, ವಿಮಾನ ತಪ್ಪೂ ಭಯ ಇಲ್ಲ.

ನಕ್ಷೆಗಾರ:
ಅಲ್‌ಹಂಬ್ರಾ ಬಗ್ಗೆ.

ಟಿಕೆಟ್ ಅಧಿಕೃತ ತಾಣದಲ್ಲೇ ತೆಗೆಯಿರಿ. ಹುಡುಕಿದಾಗ ಮೇಲೆ ಬರುವ ಅರ್ಧ ತಾಣಗಳು ಮಧ್ಯವರ್ತಿಗಳವು. 'ಅಲ್‌ಹಂಬ್ರಾ ಹೆನೆರಾಲ್' ಅನ್ನುವುದೇ ಬೇಕು. 'ಹಾರ್ದಿನೆಸ್' ಅಂತ ಇನ್ನೊಂದು ಅಗ್ಗದ ಟಿಕೆಟ್ ಇದೆ. ಅದರಲ್ಲಿ ತೋಟ ಮತ್ತು ಕೋಟೆ ಮಾತ್ರ, ನಸ್ರಿದ್ ಅರಮನೆಗಳಿಲ್ಲ. ಸಿಂಹದ ಅಂಗಳ ಇರುವುದು ಅರಮನೆಯೊಳಗೆ. ಅದಿಲ್ಲದೆ ಗ್ರನಾಡಾದವರೆಗೆ ಹೋಗುವುದು ಯಾಕೆ?

ಟಿಕೆಟ್ಟಿನಲ್ಲಿ ಪ್ರತಿಯೊಬ್ಬರ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಇರುತ್ತದೆ. ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ, ಒಳಗೆ ಒಂದಕ್ಕಿಂತ ಹೆಚ್ಚು ಕಡೆ ಕೇಳುತ್ತಾರೆ. ಮೊಬೈಲಿನ ಫೋಟೋ ತೋರಿಸಿ ವಾದಿಸುವುದು ಬೇಡ.

ಮುದ್ರಿಸಿರುವ ಸಮಯ ಗೇಟಿನದ್ದಲ್ಲ, ನಸ್ರಿದ್ ಅರಮನೆಯ ಬಾಗಿಲಿನದ್ದು. ಜನ ಮುಗ್ಗರಿಸುವುದು ಇಲ್ಲೇ. 10:30 ಅಂತಿದ್ದರೆ 10:30ಕ್ಕೆ ಮುಖ್ಯ ದ್ವಾರ ತಲುಪಿದವರಿಗೆ ಅರಮನೆ ಇಲ್ಲ. ಹೆನೆರಲೀಫೆ ತೋಟದ ಪಕ್ಕದ ಮುಖ್ಯ ದ್ವಾರದಿಂದ ಅರಮನೆಗೆ 15–20 ನಿಮಿಷ ನಡಿಗೆ, ಹಿರಿಯರ ಜತೆ 25. ತಡವಾದರೆ ಒಳಗೆ ಬಿಡುವುದಿಲ್ಲ, ಹಣವೂ ಹಿಂದಿರುಗಿಸುವುದಿಲ್ಲ.

ಸಲೀಸಾದ ಕ್ರಮ: ನಡುಪೇಟೆಯಿಂದ ಸಿ30 ಅಥವಾ ಸಿ32 ಬಸ್ಸಿನಲ್ಲಿ ಹತ್ತಿ, ನ್ಯಾಯದ್ವಾರದ ಬಳಿ ಇಳಿದು ಒಳಗೆ ಹೋಗಿ (ಟಿಕೆಟ್ ಮೊಬೈಲಿನಲ್ಲಿದ್ದರೆ ಮುಖ್ಯ ದ್ವಾರಕ್ಕೆ ಹೋಗಬೇಕಿಲ್ಲ). ಮೊದಲು ಅಲ್ಕಸಾಬಾ ಕೋಟೆ, ಆಮೇಲೆ ಅರಮನೆ, ಅಲ್ಲಿಂದ ಪಾರ್ತಾಲ್ ತೋಟ ಹಾದು ಕೊನೆಗೆ ಹೆನೆರಲೀಫೆ. ಅಲ್ಲಿಂದ ಹೊರಬಂದರೆ ಮುಖ್ಯ ದ್ವಾರದಲ್ಲೇ ಊರಿಗೆ ಇಳಿಯುವ ಬಸ್. ಒಟ್ಟು ಮೂರೂವರೆ ಗಂಟೆ. ಅರಮನೆಯಿಂದ ಒಮ್ಮೆ ಹೊರಬಿದ್ದರೆ ಮತ್ತೆ ಪ್ರವೇಶವಿಲ್ಲ, ಹಾಗಾಗಿ ಶೌಚಾಲಯ ಮೊದಲೇ ಮುಗಿಸಿಕೊಳ್ಳಿ. ಮೊಣಕಾಲು ನೋವಿರುವವರು ಕೋಟೆಯ ಬುರುಜು ಬಿಡಬಹುದು, ಮೆಟ್ಟಿಲು ಕಡಿದು.

ಟಿಕೆಟ್ ಮುಗಿದಿದ್ದರೆ ಎರಡು ದಾರಿ. ರದ್ದಾದವು ತಾಣಕ್ಕೆ ಮರಳುತ್ತವೆ, ದಿನಕ್ಕೆ ಒಂದೆರಡು ಸಲ ನೋಡುತ್ತಿರಿ. ಇಲ್ಲವೇ ನಗರದ 'ಗ್ರನಾಡಾ ಕಾರ್ಡ್'. ಅದಕ್ಕೆ ಅಲ್‌ಹಂಬ್ರಾ ಪಾಲು ಬೇರೆಯಾಗಿ ಮೀಸಲಿರುತ್ತದೆ.

ಕರಾವಳಿಗಾಳಿ:
ಒಂದು ಸೇರ್ಪಡೆ. ಈಸ್ಟರ್ ಆಗಿ 60 ದಿನಕ್ಕೆ ಬರುವ ಕಾರ್ಪುಸ್ ಕ್ರಿಸ್ತಿ ಅನ್ನುವ ಕ್ರೈಸ್ತ ಹಬ್ಬ ಗ್ರನಾಡಾದ ದೊಡ್ಡ ಜಾತ್ರೆಯ ವಾರ, ಮೇ ಕೊನೆ–ಜೂನ್ ನಡುವೆ ಬೀಳುತ್ತದೆ. ಹೋಟೆಲ್ ದರ ದಿಢೀರ್ ಏರಿದ್ದರೆ ಕಾರಣ ಅದೇ. ಟೊಲೆಡೊದಲ್ಲೂ ಆಗ ದೊಡ್ಡ ಮೆರವಣಿಗೆ. ನೋಡಲು ಚಂದ, ಆದರೆ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಬಿಸಿಲಿನ ಮಾತು ಯಾರೂ ಎತ್ತಿಲ್ಲ. 'ಕಲಬುರ್ಗಿ ಕಂಡವರಿಗೆ ಸೆವಿಲ್ಯಾ ಯಾವ ಲೆಕ್ಕ' ಅನ್ನುವವರಿಗೆ: ಮೇ ಕೊನೆಯಲ್ಲಿ ಸಾಧಾರಣ 30ರ ಸುಮಾರು, ಹಿತವೇ. ಜುಲೈಯಲ್ಲಿ ಸರಾಸರಿ ಗರಿಷ್ಠ 36, 40 ದಾಟುವ ದಿನ ಮಾಮೂಲು. ತೊಂದರೆ ಉಷ್ಣಾಂಶಕ್ಕಿಂತ ಹೊತ್ತಿನದ್ದು. ಸ್ಪೇನ್ ಇರುವ ರೇಖಾಂಶ ಬ್ರಿಟನ್ನಿನದ್ದು, ಗಡಿಯಾರ ಮಾತ್ರ 1940ರಿಂದ ಜರ್ಮನಿಯದ್ದು. ಬೇಸಿಗೆ ಸಮಯವೂ ಸೇರಿ ನೆತ್ತಿಯ ಮೇಲೆ ಸೂರ್ಯ ಬರುವುದು ಮಧ್ಯಾಹ್ನ ಎರಡೂಕಾಲಕ್ಕೆ. ಅತಿ ಬಿಸಿ ಸಂಜೆ 5–6ಕ್ಕೆ, ನಾವು 'ಬಿಸಿಲು ಇಳಿಯಿತು' ಅಂತ ಹೊರಡುವ ಹೊತ್ತಿಗೆ. ಜೂನ್ ಕೊನೆಯಲ್ಲಿ ಮ್ಯಾಡ್ರಿಡ್ ಸೂರ್ಯಾಸ್ತ 9:45ರ ಮೇಲೆ.

ಅದಕ್ಕೇ ಸೆವಿಲ್ಯಾದಲ್ಲಿ ದಿನವನ್ನು ಎರಡು ಹೋಳು ಮಾಡಿ. 9:30ರಿಂದ 1:30 ಅಲ್ಕಾಸರ್ ಅರಮನೆ, ಕತೀಡ್ರಲ್. 2ಕ್ಕೆ ಊಟ, 4ರಿಂದ 7 ಕೋಣೆಯಲ್ಲಿ ಮಲಗಿ. 7:30ಕ್ಕೆ ಪ್ಲಾಸಾ ದೆ ಎಸ್ಪಾನ್ಯಾ. 1929ರ ಪ್ರದರ್ಶನಕ್ಕೆ ಕಟ್ಟಿದ ಆ ಅರ್ಧಚಂದ್ರಾಕಾರದ ಕಟ್ಟಡದಲ್ಲಿ ಪ್ರಾಂತ್ಯಕ್ಕೊಂದು ಹೆಂಚುಚಿತ್ರದ ಜಗಲಿ; ಮಧ್ಯಾಹ್ನ ಹೋದರೆ ಆ ಜಗಲಿಗಳ ಮೇಲೆ ಕೂರಲಾಗದು. ನಡುವಿನ ಬಯಲಿಗೆ ನೆರಳೇ ಇಲ್ಲ.

ಹೋಟೆಲ್ ಆಯ್ಕೆಯಲ್ಲಿ ಎ.ಸಿ. ಮತ್ತು ಲಿಫ್ಟ್ ಎರಡನ್ನೂ ಖಚಿತ ಮಾಡಿಕೊಳ್ಳಿ. ಹಳೇಪೇಟೆಯ ಮೂರನೇ ಮಹಡಿ ಮನೆಗಳಿಗೆ ಎಷ್ಟೋ ಕಡೆ ಲಿಫ್ಟ್ ಇರುವುದಿಲ್ಲ, 'ಮೊದಲ ಮಹಡಿ' ಅಂದಿದ್ದು ಲೆಕ್ಕದಲ್ಲಿ ಎರಡನೆಯದೂ ಆಗಿರಬಹುದು. ಹಿರಿಯರಿಗೆ ಒಂದು ಒಳ್ಳೆಯ ಸುದ್ದಿ: ಸೆವಿಲ್ಯಾ ಕತೀಡ್ರಲಿನ ಹಿರಾಲ್ದಾ ಗೋಪುರಕ್ಕೆ ಮೆಟ್ಟಿಲಿಲ್ಲ, ಮೂವತ್ತೈದರಷ್ಟು ಇಳಿಜಾರು ಹಾದಿಗಳು, ಕೊನೆಗೆ ಮಾತ್ರ ಕೆಲವು ಮೆಟ್ಟಿಲು. ನಿಧಾನಕ್ಕೆ ಹತ್ತಬಹುದು.

ಬೆಣ್ಣೆದೋಸೆ:
ಊಟದ ಬಗ್ಗೆ ಉದ್ದವಾಗಿ ಬರೀತೀನಿ, ಏಕೆಂದರೆ ಇಲ್ಲಿ ಸಿಗುವ ಸಲಹೆಗಳಲ್ಲಿ ಮುಕ್ಕಾಲು ಪಾಲು 'ಇಂಡಿಯನ್ ರೆಸ್ಟೋರೆಂಟ್ ಇದೆ ಬಿಡಿ' ಅಷ್ಟೇ. ಬಾರ್ಸಿಲೋನಾದ ರಾವಾಲ್, ಮ್ಯಾಡ್ರಿಡ್‌ನ ಲವಾಪಿಯೆಸ್‌ನಲ್ಲಿ ನಮ್ಮ ಉಪಖಂಡದ ಅಂಗಡಿ, ಹೋಟೆಲು ಸಾಲುಸಾಲು. ಸೆವಿಲ್ಯಾ, ಕೊರ್ದೊಬಾಕ್ಕೆ ಹೋದಾಗ ಆ ಆಸರೆ ತೆಳು.

'ಸೋಯ್ ವೆಹೆತಾರಿಯಾನೊ' (ನಾನು ಸಸ್ಯಾಹಾರಿ) ಅಂದರೆ ಸಾಲದು. ಹಮೋನ್ ಅಂದರೆ ಒಣಗಿಸಿದ ಹಂದಿ ತೊಡೆ, ತ್ಯೂನಾ ಮೀನು – ಇವೆರಡನ್ನೂ ಎಷ್ಟೋ ಅಡುಗೆಯವರು ಮಾಂಸದ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಕೇಳುವ ರೀತಿ: 'ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ, ಸಿನ್ ಅತೂನ್'. ಮಾಂಸ, ಹಮೋನ್, ಮೀನು, ತ್ಯೂನಾ ನಾಲ್ಕೂ ಬೇಡ ಅಂತ. ಸಾರು ಯಾವುದರದ್ದು ಅಂತ ಕೇಳಲು 'ಎಲ್ ಕಾಲ್ದೊ ಎಸ್ ದೆ ವೆರ್ದೂರಾಸ್?'

ಮೋಸ ಮಾಡುವ ತಿನಿಸುಗಳು: 'ಎನ್ಸಲಾದಾ ಮಿಕ್ಸ್ತಾ' ಅಂದರೆ ಮಿಶ್ರ ಸಲಾಡ್, ಮೇಲೆ ತ್ಯೂನಾ ಇದ್ದೇ ಇರುತ್ತೆ. ಕೊರ್ದೊಬಾದ ಸಲ್ಮೊರೆಹೊ ಟೊಮೇಟೊ-ಬ್ರೆಡ್ಡಿನ ತಣ್ಣನೆ ಗಟ್ಟಿ ಸೂಪು, ಆದರೆ ಮೇಲೆ ಹಮೋನ್ ಚೂರು ಉದುರಿಸಿ ತರ್ತಾರೆ. 'ಸಿನ್ ಹಮೋನ್' ಅಂತ ಮೊದಲೇ ಹೇಳಿ. ಕ್ರೊಕೆತಾ ಅನ್ನುವ ಕರಿದ ಉಂಡೆ ಸಾಮಾನ್ಯವಾಗಿ ಹಮೋನಿನದ್ದೇ. ಹಸಿರು ಬೀನ್ಸ್, ಬಟಾಣಿ, ಅಣಬೆ ಪಲ್ಯ ಅಂತ ಕಾಣುವುದರಲ್ಲೂ ಅದರ ತುಂಡು ಹುರಿದು ಹಾಕಿರ್ತಾರೆ. ಬೇಳೆ ಸಾರಿನಂತೆ ಕಾಣುವ ಲೆಂತೆಹಾಸ್‌ನಲ್ಲಿ ಚೊರೀಸೊ ಸಾಸೇಜು. ಸಿಹಿಯಲ್ಲಿ ಮಂತೆಕಾದೊ, ಎನ್ಸೈಮಾದಾ ಎರಡೂ ಹಂದಿ ಕೊಬ್ಬಿನವು.

ನೆಮ್ಮದಿಯಾಗಿ ತಿನ್ನಬಹುದಾದ್ದು ಕಡಿಮೆಯೇನಿಲ್ಲ. ಗಸ್ಪಾಚೊ, ಟೊಮೇಟೊದ ತಣ್ಣನೆ ಸೂಪು. ಪಾನ್ ಕೊನ್ ತೊಮಾತೆ: ಸುಟ್ಟ ಬ್ರೆಡ್ಡಿಗೆ ಟೊಮೇಟೊ ಉಜ್ಜಿ ಆಲಿವ್ ಎಣ್ಣೆ. ಸೆವಿಲ್ಯಾದ 'ಎಸ್ಪಿನಾಕಾಸ್ ಕೊನ್ ಗರ್ಬಾನ್ಸೊಸ್', ಪಾಲಕ್-ಕಾಬೂಲಿ ಕಡಲೆ, ಜೀರಿಗೆ ಹಾಕಿದ್ದು. ನಮ್ಮ ನಾಲಗೆಗೆ ತಕ್ಷಣ ಹಿಡಿಸುತ್ತೆ. ಕೊರ್ದೊಬಾದಲ್ಲಿ ಬದನೆ ಹೋಳು ಕರಿದು ಕಬ್ಬಿನ ಪಾಕ ಸುರಿದದ್ದು. ಪಾದ್ರೊನ್ ಮೆಣಸಿನಕಾಯಿ, ಉಪ್ಪು ಹಾಕಿ ಹುರಿದದ್ದು. ಬಾರ್ಸಿಲೋನಾದ ಎಸ್ಕಲಿವಾದಾ, ಸುಟ್ಟ ಬದನೆ-ಕೆಂಪು ಮೆಣಸು. ಮೊಟ್ಟೆ ಆಗುತ್ತೆ ಅಂದ್ರೆ ಆಲೂಗೆಡ್ಡೆ ಆಮ್ಲೆಟ್ ತೊರ್ತಿಯಾ ಎಲ್ಲೆಲ್ಲೂ ಇದೆ, ಬೆಳಿಗ್ಗೆ, ರಾತ್ರಿ. ಕರಿದ ತಿಂಡಿ ಚುರ್ರೊ ಬರೀ ಹಿಟ್ಟು, ನೀರು, ಉಪ್ಪು, ಎಣ್ಣೆ.

ಪಾಯೆಯಾ, ಅಂದರೆ ಅಗಲ ಬಾಣಲೆಯಲ್ಲಿ ಮಾಡುವ ಅನ್ನದ ಅಡುಗೆ: ತರಕಾರಿಯದ್ದು ಸಿಗುತ್ತೆ, ಆದರೆ ಸಾರು ಕೋಳಿ ಅಥವಾ ಮೀನಿನದ್ದೇ ಎಂದು ಕೇಳದೆ ಆರ್ಡರ್ ಮಾಡಬೇಡಿ. ನಿಜವಾಗಿ ಆಗಲೇ ಮಾಡಿಕೊಡುವ ಕಡೆ ಕನಿಷ್ಠ ಇಬ್ಬರಿಗೆ, 20–30 ನಿಮಿಷ ಕಾಯಬೇಕು. ಐದು ನಿಮಿಷದಲ್ಲಿ ಬಂತು ಅಂದರೆ ಫ್ರೀಜರಿನದ್ದು. ಅದು ಮಧ್ಯಾಹ್ನದ ಊಟ. ರಾತ್ರಿ 10ಕ್ಕೆ ತಿನ್ನುವವರು ಪ್ರವಾಸಿಗರು.

ಹೊತ್ತು: ಮಧ್ಯಾಹ್ನದ ಅಡುಗೆ 1:30ರಿಂದ 4, ರಾತ್ರಿಯದ್ದು 8:30ರ ಮೇಲೆ. ನಡುವೆ ಅಡುಗೆಮನೆ ಬಂದ್, ಬಾರಿನಲ್ಲಿ ತೊರ್ತಿಯಾ, ಬ್ರೆಡ್ಡು ಅಷ್ಟೆ. ಸಂಜೆ 7ಕ್ಕೆ ಊಟ ಮಾಡುವ, ಮಾತ್ರೆ ತಗೊಳ್ಳುವ ಹಿರಿಯರಿದ್ದರೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಒಳ್ಳೆಯದು. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಿಗಂತೂ ಬೇರೆ ದಾರಿಯಿಲ್ಲ. ಕೆಲಸದ ದಿನಗಳಲ್ಲಿ 'ಮೆನು ದೆಲ್ ದಿಯಾ' ನೋಡಿ: ಎರಡು ತಿನಿಸು, ಬ್ರೆಡ್, ಪಾನೀಯ, ಸಿಹಿ ಸೇರಿ 12–18 ಯೂರೋ. ಎರಡನೆಯದು ಸಾಮಾನ್ಯವಾಗಿ ಮಾಂಸ ಇಲ್ಲವೇ ಮೀನು. 'ದೊಸ್ ಪ್ರಿಮೆರೊಸ್' ಅಂತ ಮೊದಲ ಪಟ್ಟಿಯಿಂದಲೇ ಎರಡು ಕೇಳಬಹುದು, ಬಹುತೇಕ ಕಡೆ ಒಪ್ತಾರೆ. ನೀರಿಗೆ ದುಡ್ಡು ಕೊಡಬೇಡಿ. 2022ರ ಕಾಯ್ದೆ ಪ್ರಕಾರ ನಲ್ಲಿ ನೀರು ಉಚಿತವಾಗಿ ಕೊಡಬೇಕು: 'ಆಗ್ವಾ ದೆಲ್ ಗ್ರಿಫೊ'. ಮ್ಯಾಡ್ರಿಡ್ ನೀರು ಸೊಗಸು, ಬಾರ್ಸಿಲೋನಾದ್ದು ಗಡಸು.

ಕಾಡುಮಲ್ಲಿಗೆ:
ಇದನ್ನು ಮುದ್ರಿಸಿಟ್ಟುಕೊಳ್ಳುತ್ತೇನೆ. ಮ್ಯಾಡ್ರಿಡ್ ವಸ್ತುಸಂಗ್ರಹಾಲಯಗಳ ಉಚಿತ ಸಮಯದಲ್ಲಿ ಹೋಗುವುದು ಒಳ್ಳೆಯದೋ, ಟಿಕೆಟ್ ತೆಗೆಯುವುದೋ?

ರೈಲುಹಳಿ:
ಪ್ರಾದೊ ಉಚಿತ: ಸೋಮ–ಶನಿ ಸಂಜೆ 6ರಿಂದ 8, ಭಾನುವಾರ 5ರಿಂದ 7. ಸಾಲು ಒಂದು ಗಂಟೆ ಮೊದಲೇ ಬೆಳೆಯುತ್ತೆ. ಒಳಗೆ ಉಳಿಯುವುದು ಒಂದೂಕಾಲು ಗಂಟೆ. ಅಷ್ಟರಲ್ಲಿ ವೆಲಾಸ್ಕೆಸ್‌ನ ಲಾಸ್ ಮೆನಿನಾಸ್, ಹಿರೊನಿಮಸ್ ಬಾಷ್‌ನ ಮೂರು ಹಲಗೆಯ ಚಿತ್ರ, ಗೋಯಾನ ಕಪ್ಪು ಚಿತ್ರಗಳು ಅಂತ ಗುರಿಯಿಟ್ಟು ಹೋಗುವವರಿಗೆ ಸರಿ. ಹಿರಿಯರನ್ನು ಸಾಲಿನಲ್ಲಿ ನಿಲ್ಲಿಸುವ ಬದಲು 15 ಯೂರೋ ಕೊಟ್ಟು ಬೆಳಿಗ್ಗೆ 10ಕ್ಕೆ ಒಳಗೆ ಹೋಗಿ. ಫೋಟೋ ನಿಷಿದ್ಧ.

ರೇನಾ ಸೋಫಿಯಾ ಮಂಗಳವಾರ ರಜೆ. ಉಳಿದ ದಿನ ಸಂಜೆ 7–9 ಉಚಿತ (ಭಾನುವಾರ ಮಾತ್ರ ಮಧ್ಯಾಹ್ನ 12:30–2:30), ಸಾಲು ಬೇಗ ಕರಗುತ್ತೆ; ಪಿಕಾಸೊನ ಗೆರ್ನಿಕಾ ನೋಡಲು ಆ ಹೊತ್ತು ಸಾಕು. ಮ್ಯಾಡ್ರಿಡ್ ರಾಜರ ಅರಮನೆಯ ಉಚಿತ ಗಂಟೆಗಳ ಬಗ್ಗೆ ಓದಿ ಹೋಗಬೇಡಿ, ಅದು ಯುರೋಪ್ ಒಕ್ಕೂಟ ಮತ್ತು ಲ್ಯಾಟಿನ್ ಅಮೆರಿಕದವರಿಗೆ. ನಮ್ಮ ಪಾಸ್‌ಪೋರ್ಟಿಗೆ ಇಲ್ಲ.

ವಿಮಾನ ನಿಲ್ದಾಣದಿಂದ ನಾಲ್ಕು ಜನ, ಪೆಟ್ಟಿಗೆ ಅಂದರೆ ಟ್ಯಾಕ್ಸಿಯೇ ಸರಿ: ಎಂ-30 ವರ್ತುಲ ರಸ್ತೆಯೊಳಗೆ ಎಲ್ಲೇ ಇಳಿದರೂ ನಿಗದಿ ದರ 33 ಯೂರೋ, ಸಾಮಾನಿಗೆ ಬೇರೆ ಇಲ್ಲ. ಮೆಟ್ರೋದಲ್ಲಿ ತಲೆಗೆ 3 ಯೂರೋ ಹೆಚ್ಚುವರಿ, ಮೇಲೆ ಬದಲಾವಣೆಗಳ ಮೆಟ್ಟಿಲು. ಅಂದ ಹಾಗೆ ಮ್ಯಾಡ್ರಿಡ್ ಮೆಟ್ರೋ ಎಡಗಡೆ ಓಡುತ್ತೆ, 1919ರಲ್ಲಿ ಶುರುವಾದಾಗ ಅಲ್ಲಿನ ರಸ್ತೆ ಸಂಚಾರವೂ ಎಡಕ್ಕೇ ಇತ್ತು. ಬೆಂಗಳೂರಿನವರು ತಪ್ಪು ದಿಕ್ಕು ನೋಡುತ್ತ ನಿಲ್ಲುವುದಿಲ್ಲ.

ಕರಾವಳಿಗಾಳಿ:
ಟೊಲೆಡೊ ಬದಲು ಸೆಗೋವಿಯಾ ಆಗದೇ? ರೋಮನರ ಮೇಲ್ಗಾಲುವೆ ಗಾರೆಯೇ ಇಲ್ಲದೆ ನಿಂತಿದೆ. ಊರೂ ತಂಪು.

ರೈಲುಹಳಿ:
ಆಗುತ್ತೆ. ಚಮಾರ್ತಿನ್‌ನಿಂದ ಅರ್ಧ ಗಂಟೆಯೂ ಇಲ್ಲ. ಆದರೆ ಸೆಗೋವಿಯಾ-ಗಿಯೊಮಾರ್ ನಿಲ್ದಾಣ ಬಯಲಲ್ಲಿದೆ, ಊರಿಗೆ 11ನೇ ಬಸ್ ಹಿಡಿಯಬೇಕು. ಟೊಲೆಡೊ ರೈಲು ಅತೋಚಾದಿಂದ 33 ನಿಮಿಷ. ಗುಡ್ಡ ಹತ್ತಲು ಬಯಲಲ್ಲೇ ಎಸ್ಕಲೇಟರ್‌ಗಳಿವೆ. ಎರಡಕ್ಕೂ ಆಸನ ಕಾದಿರಿಸಲೇಬೇಕು, ಶನಿವಾರ-ಭಾನುವಾರ ಬೆಳಗಿನವು ತುಂಬಿಹೋಗುತ್ತವೆ.

ನಕ್ಷೆಗಾರ:
ಬಾರ್ಸಿಲೋನಾದಲ್ಲಿ ದುಡ್ಡು ಪೋಲಾಗುವುದು ಮೆಟ್ರೋ ಕಾರ್ಡಿನಲ್ಲಿ. 10 ಪ್ರಯಾಣದ 'ತೆ-ಕಾಜುಅಲ್' ಒಬ್ಬರಿಗೆ ಮಾತ್ರ, ನಾಲ್ವರು ಹಂಚಿಕೊಳ್ಳುವಂತಿಲ್ಲ. ಹಂಚಿಕೊಳ್ಳಬಹುದಾದದ್ದು 8 ಪ್ರಯಾಣದ 'ತೆ-ಫಮಿಲಿಯಾರ್'. ಇವು ವಿಮಾನ ನಿಲ್ದಾಣದ ಮೆಟ್ರೋ ಎಲ್9ರಲ್ಲಿ ನಡೆಯುವುದಿಲ್ಲ, ಅದೇ ನಿಲ್ದಾಣಕ್ಕೆ ಹೋಗುವ ಆರ್2 ನೊರ್ದ್ ಲೋಕಲ್ ರೈಲಿನಲ್ಲಿ ನಡೆಯುತ್ತವೆ. ಆ ರೈಲು ನಿಲ್ಲುವುದು ಟಿ2ರಲ್ಲಿ, ಟಿ1ಕ್ಕೆ ಉಚಿತ ಬಸ್. ಅದಕ್ಕೆ ಕಾಲು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಸಗ್ರಾದಾ ಫಮೀಲಿಯಾ ಚರ್ಚಿನ ಟಿಕೆಟ್ ಆನ್‌ಲೈನ್‌ನಲ್ಲೇ, ಸಮಯ ನಿಗದಿ. 1882ರಲ್ಲಿ ಶುರುವಾದ ಕೆಲಸವನ್ನು ವಾಸ್ತುಶಿಲ್ಪಿ ಗೌಡಿ ಮರುವರ್ಷ ಕೈಗೆತ್ತಿಕೊಂಡು 1926ರಲ್ಲಿ ಟ್ರಾಮ್ ಬಡಿದು ಸಾಯುವವರೆಗೂ ಅದರಲ್ಲೇ ಇದ್ದ. ಹೊತ್ತಿನ ಆಯ್ಕೆ ಮುಖ್ಯ: ಬೆಳಿಗ್ಗೆ ಪೂರ್ವದ ಗಾಜಿನಿಂದ ನೀಲಿ-ಹಸಿರು, ಸಂಜೆ ಪಶ್ಚಿಮದಿಂದ ಕಿತ್ತಳೆ-ಕೆಂಪು. ಮೇ-ಜೂನಿನಲ್ಲಿ ಸಂಜೆ 5:30ರ ಹೊತ್ತು ತೆಗೆಯಿರಿ. ಗೋಪುರದ ಟಿಕೆಟ್ ಹಿರಿಯರಿಗೆ ಬೇಡ. ಲಿಫ್ಟ್ ಮೇಲಕ್ಕೆ ಒಯ್ಯುತ್ತದೆ, ಇಳಿಯುವುದು ನಾನೂರಕ್ಕೂ ಹೆಚ್ಚು ಇಕ್ಕಟ್ಟು ಸುರುಳಿ ಮೆಟ್ಟಿಲು.

ಪಾರ್ಕ್ ಗುಎಲ್‌ಗೆ 24ನೇ ಬಸ್, ಪಕ್ಕದ ಗೇಟಿನ ಬಳಿಯೇ ನಿಲ್ಲುತ್ತದೆ. ಹತ್ತಿರದ 116ನೇ ಪುಟ್ಟ ಬಸ್ಸನ್ನು 2024ರಲ್ಲಿ ಗೂಗಲ್ ನಕ್ಷೆಯಿಂದಲೇ ತೆಗೆಸಿದರು, ಪ್ರವಾಸಿಗರು ತುಂಬಿ ಗುಡ್ಡದ ಮುದುಕರಿಗೆ ಜಾಗ ಸಿಗುತ್ತಿರಲಿಲ್ಲ. ಅದನ್ನು ಅವರಿಗೇ ಬಿಡಿ. ಅಪಾರ್ಟ್‌ಮೆಂಟ್ ತೆಗೆದರೆ ಎಚ್‌ಯುಟಿಬಿಯಿಂದ ಶುರುವಾಗುವ ಪರವಾನಗಿ ಸಂಖ್ಯೆ ಇದೆಯೇ ನೋಡಿ, ಇಲ್ಲದ್ದು ಅಕ್ರಮ. ಅಲ್ಲಿ ಅಂಗಡಿಗೆ ಹೊಕ್ಕಾಗ 'ಬೊನ್ ದಿಯಾ' (ಶುಭದಿನ), 'ಗ್ರಾಸಿಯೆಸ್' (ಧನ್ಯವಾದ) ಅಂತ ಅಲ್ಲಿನ ಭಾಷೆ ಕತಲಾನಿನಲ್ಲಿ ಅನ್ನಿ. ಬೆಂಗಳೂರಿನಲ್ಲಿ 'ನಮಸ್ಕಾರ' ಕೇಳಿದಾಗ ಮುಖ ಅರಳುವುದಕ್ಕೂ ಇದಕ್ಕೂ ಕಾರಣ ಒಂದೇ.

ಧಾರವಾಡಪೇಡೆ:
ಕಳ್ಳರ ಬಗ್ಗೆ ಯಾರೂ ಬರದಿಲ್ಲಲ್ರಿ. ಬಾರ್ಸಿಲೋನಾದ ರಾಂಬ್ಲಾ ಬೀದಿ, ಎಲ್3 ಮೆಟ್ರೋ, ಸಾಂಟ್ಸ್ ನಿಲ್ದಾಣದಾಗ ಕೈಚಳಕದವರು ಭಾಳ. ಬಾಗಿಲ ಹತ್ರ ಗುಂಪು ಮಾಡಿ ನೂಕೂದು, ಅಂಗಿ ಮ್ಯಾಲೆ ಹಕ್ಕಿ ಹೊಲಸು ಬಿದ್ದದಂತ ಒರಸಾಕ ಬರೂದು, ಸಹಿ ಹಾಕ್ರಿ ಅಂತ ಹಲಗಿ ಹಿಡಿಯೂದು. ಗ್ರನಾಡಾ, ಸೆವಿಲ್ಯಾ ಕತೀಡ್ರಲ್ ಮುಂದ ರೋಸ್‌ಮರಿ ಕಡ್ಡಿ ಕೈಗೆ ಕೊಟ್ಟು ಭವಿಷ್ಯ ಹೇಳಿ ರೊಕ್ಕ ಕೇಳ್ತಾರ. ಕೈ ಚಾಚಬ್ಯಾಡ್ರಿ, ಅಷ್ಟ. ಪಾಸ್‌ಪೋರ್ಟ್ ಒಳಜೇಬಿನ್ಯಾಗ, ಮೊಬೈಲ್ ಕೂತ ಮೇಜಿನ ಮ್ಯಾಲೆ ಇಡೂ ಹಂಗಿಲ್ಲ. ಕಳದ್ರ 'ದೆನುನ್ಸಿಯಾ' ಅಂತ ಪೊಲೀಸ್ ದೂರು ಬರಸಿ ಪ್ರತಿ ತಗೋರಿ, ವಿಮೆಗೂ ಅದs ಬೇಕು, ಹೊಸ ಪಾಸ್‌ಪೋರ್ಟಿಗೂ. ತುರ್ತು ಸಂಖ್ಯೆ 112.

ಎಟಿಎಂನ್ಯಾಗ ರೂಪಾಯಿ ಲೆಕ್ಕದಾಗ ಕೊಡಲೇನು ಅಂತ ಕೇಳಿದ್ರ ಬ್ಯಾಡನ್ರಿ, ಯೂರೋ ಅಂತ ಒತ್ರಿ. ಆ ವಿನಿಮಯ ದರ ಮೋಸದ್ದು.

ಕಾಡುಮಲ್ಲಿಗೆ:
ಪರಿಷ್ಕೃತ ಪಟ್ಟಿ: ಭಾನುವಾರ ಮ್ಯಾಡ್ರಿಡ್ ಇಳಿಯುವುದು, ಸೋಮವಾರ ಟೊಲೆಡೊ, ಮಂಗಳವಾರ ಪ್ರಾದೊ ಮತ್ತು ರೇನಾ ಸೋಫಿಯಾ, ಬುಧವಾರ ಬೆಳಿಗ್ಗೆ ಕೊರ್ದೊಬಾ, ರಾತ್ರಿ ಅಲ್ಲೇ. ಗುರುವಾರ ಮೆಸ್ಕಿತಾ ಮುಗಿಸಿ ಸೆವಿಲ್ಯಾ 2, ಗ್ರನಾಡಾ 2, ಬಾರ್ಸಿಲೋನಾ 3. ಕೊನೆಯ ದಿನ ಸ್ವಲ್ಪ ಖರೀದಿ.

ರೈಲುಹಳಿ:
ಮಂಗಳವಾರ ರೇನಾ ಸೋಫಿಯಾ ಮುಚ್ಚಿರುತ್ತೆ ಅಂತ ಮೇಲೆ ಬರೆದಿದ್ದೆ. ಟೊಲೆಡೊವನ್ನು ಮಂಗಳವಾರಕ್ಕೆ ತಳ್ಳಿ. ಸೋಮವಾರ ಬೆಳಿಗ್ಗೆ ಪ್ರಾದೊ, ಸಂಜೆ 7ಕ್ಕೆ ಗೆರ್ನಿಕಾ. ಎರಡರ ನಡುವೆ ನಡಿಗೆ ಹತ್ತು ನಿಮಿಷ.

ಸೆವಿಲ್ಯಾ ಬರುವುದು ಗುರುವಾರ ಮಧ್ಯಾಹ್ನ, ಹಾಗಾಗಿ ಅಲ್ಕಾಸರ್ ಟಿಕೆಟ್ ಶುಕ್ರವಾರದ ಮೊದಲ ಹೊತ್ತಿಗೆ ತೆಗೆಯಿರಿ, ಅದಕ್ಕೂ ಗುರುತಿನ ಚೀಟಿ ನೋಡುತ್ತಾರೆ. ಗ್ರನಾಡಾ ಶನಿವಾರ ತಲುಪಿದರೆ ಅಲ್‌ಹಂಬ್ರಾ ಭಾನುವಾರ ಬೆಳಿಗ್ಗೆ. ಪ್ರಯಾಣದ ದಿನವೇ ಇಡಬೇಡಿ, ರೈಲು ತಡವಾದರೆ ಎರಡೂ ಹೋಯಿತು.

ಖರೀದಿಗೆ: ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ತೆರಿಗೆ ವಾಪಸಿಯ 'ದಿವಾ' ಪತ್ರ ಕೇಳಿ, 2018ರಿಂದ ಕನಿಷ್ಠ ಮೊತ್ತದ ನಿಯಮ ಇಲ್ಲ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಒಪ್ಪಿಸುವ ಮುಂಚೆ ದಿವಾ ಯಂತ್ರದಲ್ಲಿ ಪತ್ರದ ಸಂಕೇತ ತೋರಿಸಬೇಕು, ಏಕೆಂದರೆ ಯಂತ್ರ ಹಸಿರು ಬದಲು ಕೆಂಪು ತೋರಿಸಿದರೆ ಸಾಮಾನನ್ನು ಕಸ್ಟಮ್ಸ್‌ನವರು ನೋಡಬೇಕಾಗುತ್ತೆ. ಫ್ರಾಂಕ್‌ಫರ್ಟ್ ಮೇಲೆ ಹಿಂದಿರುಗುವವರು ಪೆಟ್ಟಿಗೆಯನ್ನು ಬೆಂಗಳೂರಿನವರೆಗೆ ಚೆಕ್‌-ಇನ್ ಮಾಡುವುದಾದರೂ ಈ ಕೆಲಸ ಬಾರ್ಸಿಲೋನಾದಲ್ಲೇ ಮುಗಿಸಿ.